ಮುಯ್ಯಿ ಪುಸ್ತಕದಲ್ಲಿ ಇಲ್ಲದ ಕಾಲಂ

(ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಓದುಗರ ಬಳಗವೊಂದು ಸೇರಿದ್ದ ಸಂಜೆ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಆಡಿದ ಮಾತುಗಳ ಬರಹ ರೂಪ.)

ಸಂತೋಷಕ್ಕೆ ಅಡ್ಡ ಬರುವ ಅಭ್ಯಾಸಗಳನ್ನು ಬಿಡೋದು ಹೇಗೆ ಅಂತ ಮಾತಾಡಿ ಎಂದು ನನ್ನನ್ನು ಕೇಳಿದಾಗ ನಮ್ಮ ಮನೆಯವರು ಅಡುಗೆಮನೆಯಿಂದಲೇ ನಕ್ಕರು. "ಬೀಡಿ ಸಿಗರೇಟು ಇಲ್ಲ, ಇಸ್ಪೀಟು ಇಲ್ಲ. ನಿಮಗೆ ಬಿಡೋಕೆ ಏನಿದೆ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, ಒಗ್ಗರಣೆ ಸದ್ದು ನಿಂತ ಮೇಲೆ, "ಲೆಕ್ಕ ಇಡೋದೊಂದಿದೆ" ಅಂದರು. ಅವರ ಆ ಒಂದು ಮಾತನ್ನು ಹಿಡಿದುಕೊಂಡೇ ಇವತ್ತು ನಾನಿಲ್ಲಿ ನಿಂತಿದ್ದೇನೆ.

ನಾನು 34 ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಕಂಪ್ಯೂಟರ್ ಬರುವ ಮೊದಲು ದೊಡ್ಡ ದೊಡ್ಡ ಲೆಡ್ಜರ್‌ಗಳಿದ್ದವು, ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ಸಂಜೆ ಬಾಗಿಲು ಹಾಕಿದ ಮೇಲೆ ಜಮಾ ಖರ್ಚು ಎರಡೂ ಸರಿಹೊಂದಬೇಕು. ಹೊಂದದಿದ್ದರೆ ಮನೆಗೆ ಹೋಗುವ ಹಾಗಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ 5 ಪೈಸೆ ವ್ಯತ್ಯಾಸ ಬಂತು. ರಾತ್ರಿ ಒಂಬತ್ತೂವರೆ ಆಯಿತು, ಸಿಗಲಿಲ್ಲ. ಹೊಟ್ಟೆ ಹಸಿದಿತ್ತು. ಜೇಬಿನಿಂದ ಐದು ಪೈಸೆ ತೆಗೆದು ಮೇಜಿನ ಮೇಲಿಟ್ಟು, "ನಾನೇ ಹಾಕ್ತೀನಿ ಸಾರ್, ಹೋಗೋಣ" ಅಂದೆ. ನಮ್ಮ ಅಕೌಂಟೆಂಟರು ಕನ್ನಡಕದ ಮೇಲಿಂದ ನೋಡಿದರು. "ಇದು ಐದು ಪೈಸೆ ಅಲ್ಲಪ್ಪಾ. ಎಲ್ಲೋ ಐದು ಸಾವಿರ ಜಾಸ್ತಿ ಬರೆದು, ಇನ್ನೆಲ್ಲೋ ಅದಕ್ಕೆ ಐದು ಪೈಸೆ ಕಮ್ಮಿ ಬರೆದಿರಬಹುದು. ಹೊರಗೆ ಕಾಣ್ತಿರೋದು ಬಾಲ ಅಷ್ಟೇ" ಅಂದರು. ಹತ್ತೂಕಾಲಕ್ಕೆ ಸಿಕ್ಕಿತು. ಯಾರದೋ 7 ನಮಗೆ 2ರ ಹಾಗೆ ಕಂಡಿತ್ತು.

ಒಳ್ಳೆಯ ಪಾಠವೇ. ಕೌಂಟರಿನೊಳಗೆ ಅದರಿಂದ ನನಗೆ ಅನ್ನ ಸಿಕ್ಕಿತು. ಆದರೆ ಸಂಜೆ ಸೈಕಲ್ ಹತ್ತಿದಾಗ ಆ ಪಾಠವೂ ಕ್ಯಾರಿಯರ್ ಮೇಲೆ ಕೂತು ಮನೆಗೆ ಬಂತು. ಯಾರು ಫೋನ್ ಮಾಡಿದರು, ಯಾರು ಮಾಡಲಿಲ್ಲ. ನಾವು ಅವರ ಮನೆಗೆ ಮೂರು ಸಲ ಹೋಗಿದ್ದೇವೆ, ಅವರು ಬಂದಿದ್ದು ಒಂದೇ ಸಲ, ಅದೂ ದಾರಿಯಲ್ಲಿ ಹೋಗ್ತಾ. ಆಸ್ಪತ್ರೆಯಲ್ಲಿದ್ದಾಗ ಯಾರು ಎಳನೀರು ತಂದರು, ಯಾರು ಬರೀ ಕೈ ಬೀಸಿಕೊಂಡು ಬಂದರು. ಇದನ್ನೆಲ್ಲ ಯಾರೂ ಕೆಟ್ಟ ಚಟ ಅನ್ನಲ್ಲ, ಅಲ್ವಾ? ನಾನಂತೂ ಇದನ್ನು ವ್ಯವಹಾರಜ್ಞಾನ ಅಂದುಕೊಂಡಿದ್ದೆ. ನೆನಪಿನ ಶಕ್ತಿ ಚೆನ್ನಾಗಿದೆ ಅಂತ ಹೆಮ್ಮೆ ಬೇರೆ.

ನಮ್ಮ ಮಗಳ ಮದುವೆಗೆ ನಮ್ಮ ದೊಡ್ಡಪ್ಪನ ಮಗ ಬರಲಿಲ್ಲ. ಮನೆಗೇ ಹೋಗಿ ಲಗ್ನಪತ್ರಿಕೆ ಕೊಟ್ಟು ಬಂದಿದ್ದೆವು. ಹರಿಹರದಿಂದ ದಾವಣಗೆರೆಗೆ ಎಷ್ಟು ದೂರ? ಅರ್ಧ ಗಂಟೆ ದಾರಿ. ಅವನು ಬರಲಿಲ್ಲ, ಹೆಂಡತಿಯನ್ನೂ ಕಳಿಸಲಿಲ್ಲ. ನಾಲ್ಕು ವರ್ಷ ನಾನು ಅದನ್ನು ಹೊತ್ತುಕೊಂಡು ತಿರುಗಿದೆ. ಬೇರೆ ಯಾರದಾದರೂ ಮದುವೆಗೆ ಹೋಗಿ ಊಟಕ್ಕೆ ಕೂತರೂ, ಎಲೆ ಮೇಲೆ ಉಪ್ಪು ಬೀಳುವ ಹೊತ್ತಿಗೆ ಅವನ ನೆನಪು ಬರುತ್ತಿತ್ತು. ಹೋಳಿಗೆ ಬಡಿಸುವಷ್ಟರಲ್ಲಿ ಪಕ್ಕದವರಿಗೆ ಪೂರ್ತಿ ಕಥೆ ಹೇಳಿ ಮುಗಿಸಿರುತ್ತಿದ್ದೆ. ನಮ್ಮ ಮನೆಯವರು ಮೊಣಕೈಯಿಂದ ತಿವಿಯೋರು.

ಆಮೇಲೆ ಒಂದು ಸಲ ದೀಪಾವಳಿಗೆ ಸುಣ್ಣಬಣ್ಣ ಮಾಡಿಸೋಕೆ ಅಟ್ಟ ಖಾಲಿ ಮಾಡುವಾಗ ಅಮ್ಮನ ಟ್ರಂಕು ಇಳಿಸಿದೆವು. ಅದರಲ್ಲಿ ಒಂದು ಉದ್ದನೆಯ ನೋಟ್‌ಬುಕ್ಕು. ರಟ್ಟಿನ ಅಂಚನ್ನು ಜಿರಳೆ ತಿಂದಿತ್ತು. ಮೊದಲ ಪುಟದಲ್ಲಿ ಅರಿಶಿನದ ಬೊಟ್ಟು, 'ಶ್ರೀ', ಅದರ ಕೆಳಗೆ 1978. ಅದು ನಮ್ಮ ಅಕ್ಕನ ಮದುವೆಯ ಮುಯ್ಯಿ ಪುಸ್ತಕ. ಈಗಿನ ಹುಡುಗರಿಗೆ ಮುಯ್ಯಿ ಅಂದರೆ ಗೊತ್ತಿರಲಿಕ್ಕಿಲ್ಲ. ಮದುವೆಗೆ ಬಂದವರು ಏನು ಕೊಟ್ಟರು ಅಂತ ಒಬ್ಬರು ಚಾಪೆ ಮೇಲೆ ಕೂತು ಬರೆದುಕೊಳ್ಳೋರು. ಮುಂದೆ ಅವರ ಮನೆಯಲ್ಲಿ ಕಾರ್ಯ ಆದಾಗ ಅಷ್ಟೇ, ಅಥವಾ ಅದಕ್ಕೆ ಸ್ವಲ್ಪ ಸೇರಿಸಿ, ವಾಪಸ್ ಮಾಡಬೇಕು. ಕವರು, ಫೋನ್ ಪೇ ಎಲ್ಲ ಆಮೇಲೆ ಬಂದದ್ದು.

ಅಮ್ಮನ ಅಕ್ಷರ ದುಂಡಗಿತ್ತು. ಮೂರನೇ ಇಯತ್ತೆವರೆಗೆ ಓದಿದವಳು. 'ಮಿಲ್ಲಿನ ಮನೆಯವರು, ಸ್ಟೀಲ್ ಡಬರಿ 1.' 'ಎದುರುಮನೆ ಅಜ್ಜಿ, ಕುಬಸದ ಕಣ, ತೆಂಗಿನಕಾಯಿ 1.' 'ಮಾಸ್ತರು, ರೂ. 5.' ಒಂದು ಕಡೆ ಹೆಸರೇ ಇಲ್ಲ, 'ಹಳದಿ ರುಮಾಲಿನವರು, ರೂ. 2' ಅಂತಿದೆ. ಆ ಮನುಷ್ಯ ಯಾರು ಅಂತ ಅಮ್ಮ ಆಮೇಲೆ ಹುಡುಕಿರಬೇಕು. ಎರಡು ರೂಪಾಯಿ ತೀರಿಸಬೇಕಲ್ಲ.

ನನ್ನದು ಬ್ಯಾಂಕಿನ ಕಣ್ಣು. ಪುಟ ತಿರುಗಿಸುತ್ತಾ ಒಂದು ವಿಷಯ ಹೊಳೆಯಿತು. ಈ ಪುಸ್ತಕದಲ್ಲಿ ಇರುವುದು ಒಂದೇ ಕಾಲಂ, ಬಂದದ್ದು. ನಾವು ಅವರಿಗೆ ಕೊಟ್ಟದ್ದು ಎಲ್ಲೂ ಇಲ್ಲ. ವಾಪಸ್ ಕೊಟ್ಟ ಮೇಲೆ ಆ ಸಾಲಿಗೆ ಒಂದು ಅಡ್ಡಗೆರೆ ಎಳೆದಿದ್ದಾಳೆ, ಮುಗಿಯಿತು. ಅಮ್ಮನಿಗೆ ಅದು ಸಾಲದ ಪುಸ್ತಕ. ತಾನು ಯಾರಿಗೆ ಏನು ತೀರಿಸಬೇಕು ಅನ್ನುವುದು ಮರೆಯಬಾರದು ಅಂತ ಬರೆದದ್ದು. ನನ್ನ ತಲೆಯಲ್ಲಿದ್ದ ಪುಸ್ತಕದಲ್ಲೂ ಒಂದೇ ಕಾಲಂ ಇತ್ತು ನೋಡಿ, ಆದರೆ ನಾನು ಕೊಟ್ಟದ್ದು. ಅವರು ತೀರಿಸಬೇಕಾದದ್ದು. ಅಮ್ಮನ ಪುಸ್ತಕವನ್ನು ತಲೆಕೆಳಗು ಮಾಡಿಕೊಂಡು ನಾನು ಐವತ್ತು ದಾಟಿದ್ದೆ.

ನಾಲ್ಕನೇ ಪುಟದಲ್ಲಿ ದೊಡ್ಡಪ್ಪನ ಹೆಸರಿತ್ತು. 'ಅಕ್ಕಿ ಒಂದು ಚೀಲ. ಮೂರು ದಿನ ಇದ್ದು ಬಡಿಸಿದರು.' ಬಡಿಸಿದ್ದನ್ನೂ ಅಮ್ಮ ಮುಯ್ಯಿ ಅಂತ ಬರೆದಿದ್ದಾಳೆ. ಆ ಸಾಲಿಗೆ ಅಡ್ಡಗೆರೆ ಇರಲಿಲ್ಲ.

ಅವತ್ತೇ ಸಂಜೆ ಅಣ್ಣನಿಗೆ ಫೋನ್ ಮಾಡಿದೆ. ಸುಮ್ನೆ ಚೆನ್ನಾಗಿದ್ದೀಯಾ ಅಂತ ಕೇಳಿ ಇಟ್ಟುಬಿಡಬೇಕು ಅಂತಿದ್ದೆ. ಬಾಯಿ ಕೇಳಬೇಕಲ್ಲ? "ಅಣ್ಣಾ, ಮದುವೆಗೆ ಯಾಕೆ ಬರಲಿಲ್ಲ?" ಅಂದೇಬಿಟ್ಟೆ. ಆ ಕಡೆ ಒಂದು ನಿಮಿಷ ಸದ್ದಿಲ್ಲ. ಆಮೇಲೆ, "ನಮ್ಮ ಮನೆ ಗೃಹಪ್ರವೇಶಕ್ಕೆ ನೀನು ಬಂದಿದ್ಯೇನೋ ತಮ್ಮಾ?" ಅಂದ.

ನನಗೆ ಗೃಹಪ್ರವೇಶವೇ ನೆನಪಿರಲಿಲ್ಲ! ದೇವರಾಣೆ. ಫೋನ್ ಇಟ್ಟ ಮೇಲೆ ನಮ್ಮ ಮನೆಯವರನ್ನು ಕೇಳಿದರೆ, "ಹೂಂ, ಕರೆದಿದ್ದರು. ಮಾರ್ಚ್ ಕೊನೆ ವಾರ, ಬ್ಯಾಂಕ್ ಕ್ಲೋಸಿಂಗ್ ಅಂತ ನೀವೇ ಬೇಡ ಅಂದಿರಿ" ಅಂದರು. ಅಂದರೆ ನಾಲ್ಕು ವರ್ಷದಿಂದ ನಾನು ಅವನ ಬಾಕಿ ಬರೆದಿಟ್ಟಿದ್ದೇನೆ. ಅವನು ಅದಕ್ಕೂ ಮೊದಲಿನಿಂದ ನನ್ನ ಬಾಕಿ ಬರೆದಿಟ್ಟಿದ್ದಾನೆ. ಎರಡೂ ಪುಸ್ತಕ ಸರಿಯಾಗೇ ಇವೆ, ಆದರೆ ಟ್ಯಾಲಿ ಆಗಲ್ಲ.

ಇದು ನಮ್ಮ ಮನೆಯ ರೋಗ ಅಷ್ಟೇ ಅಲ್ಲ. ಮೈಕೆಲ್ ರಾಸ್, ಫಿಯೋರ್ ಸಿಕೋಲಿ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು ಕೆನಡಾದಲ್ಲಿ ಒಂದು ಪ್ರಯೋಗ ಮಾಡಿ 1979ರಲ್ಲಿ ಪ್ರಕಟಿಸಿದರು. 37 ಜೋಡಿ ಗಂಡ ಹೆಂಡತಿಯರನ್ನು ಬೇರೆ ಬೇರೆ ಕೂರಿಸಿ ಕೇಳಿದರು. ಪಾತ್ರೆ ತೊಳೆಯುವುದು, ತಿಂಡಿ ಮಾಡುವುದು, ಮನೆ ಗುಡಿಸುವುದು, ಇದರಲ್ಲಿ ನಿಮ್ಮ ಪಾಲು ಎಷ್ಟು? ಗಂಡನ ಉತ್ತರ, ಹೆಂಡತಿಯ ಉತ್ತರ ಕೂಡಿಸಿದರೆ ನೂರು ಬರಬೇಕು ತಾನೇ? ಹೆಚ್ಚಿನ ಕೆಲಸಗಳಲ್ಲಿ ನೂರನ್ನು ದಾಟಿತು. ಜಗಳ ಹುಟ್ಟಿಸಿದ್ದರಲ್ಲಿ ನಿನ್ನ ಪಾಲೆಷ್ಟು ಅಂತ ಕೇಳಿದರೂ ಹಾಗೇ. ಅಂದರೆ ಬರೀ ಜಂಬ ಕೊಚ್ಚಿಕೊಂಡದ್ದಲ್ಲ. ನಾನು ಪಾತ್ರೆ ತೊಳೆದಾಗ ಅಲ್ಲಿ ನಾನಿರುತ್ತೇನೆ, ಕೈ ತಣ್ಣಗಾಗಿದ್ದು ನನಗೆ ಗೊತ್ತು. ಅವಳು ತೊಳೆದಾಗ ನಾನು ಪೇಪರ್ ಓದುತ್ತಿರುತ್ತೇನೆ. ನೆನಪಿನಲ್ಲಿ ಉಳಿಯೋದು ಯಾವುದು ಹೇಳಿ?

ಮನೆಗೆ ಹೋಗಿ ಈ ಪ್ರಯೋಗ ಮಾಡಬೇಡಿ. ನಾನು ಮಾಡಿದೆ. ನಾನು ಮೂವತ್ತು ಅಂದೆ, ಅವರು ತೊಂಬತ್ತೈದು ಅಂದರು. ಇದರಲ್ಲಿ ಯಾರ ಲೆಕ್ಕ ತಪ್ಪು ಅನ್ನುವುದನ್ನು ನಾನು ಈ ಮೈಕಿನಲ್ಲಿ ಹೇಳುವುದಿಲ್ಲ.

ಈಗ ಲೆಕ್ಕ ಇಡೋಕೆ ನಮಗೆ ಮಷಿನ್ ಬೇರೆ ಕೊಟ್ಟಿದ್ದಾರೆ. 2014ರ ಕೊನೆಗೆ ವಾಟ್ಸಾಪಿನಲ್ಲಿ ನೀಲಿ ಗೆರೆ ಬಂತು. ಅದಕ್ಕೆ ಮೊದಲು ಯಾರಾದರೂ ಉತ್ತರ ಕೊಡದಿದ್ದರೆ ನೋಡಿಲ್ಲವೇನೋ ಅಂದುಕೊಂಡು ಮಲಗುತ್ತಿದ್ದೆವು. ಈಗ ನೋಡಿದ್ದಾರೆ, ಉತ್ತರ ಕೊಟ್ಟಿಲ್ಲ ಅಂತ ಸಾಕ್ಷಿ ಸಮೇತ ಕೊರಗಬಹುದು. ನನ್ನ ಮೊಮ್ಮಗಳು ಅದನ್ನು ಸೆಟ್ಟಿಂಗಿನಲ್ಲಿ ಆಫ್ ಮಾಡಿಕೊಟ್ಟಳು. ಎರಡು ನಿಮಿಷದ ಕೆಲಸ. ಫೋನಿನ ಬಗ್ಗೆ ಇಷ್ಟು ಸಾಕು, ಉಳಿದದ್ದು ನಿಮಗೂ ಗೊತ್ತು.

ಲೆಕ್ಕದ ಇನ್ನೊಂದು ತರ ಇದೆ, ಪಕ್ಕದವರ ಪಾಸ್‌ಬುಕ್ ಇಣುಕುವುದು. ನಮ್ಮ ಊರಿನ ಬೆಣ್ಣೆ ದೋಸೆ ಹೋಟೆಲಿನಲ್ಲಿ ಕೂತು ನೋಡಿ. ಸೌದೆ ಒಲೆ ಧಗಧಗ ಉರಿಯುತ್ತಿರುತ್ತದೆ, ಬೆಣ್ಣೆ ಕರಗಿದ ವಾಸನೆ ಬಾಗಿಲವರೆಗೆ ಬಂದಿರುತ್ತದೆ, ಹತ್ತು ನಿಮಿಷದಲ್ಲಿ ನಮ್ಮ ದೋಸೆಯೂ ಬರುತ್ತದೆ. ಆದರೆ ನಮ್ಮ ಕಣ್ಣು ಎಲ್ಲಿ? ನಮಗಿಂತ ಆಮೇಲೆ ಬಂದು ಕೂತವನ ತಟ್ಟೆ ಮೇಲೆ. ಅವನಿಗೆ ಮೊದಲು ಕೊಟ್ಟರು ಅಂದರೆ ಮುಗೀತು. ನಮ್ಮ ದೋಸೆ ಅಷ್ಟೇ ಗರಿಗರಿ, ಮೇಲೆ ಅಷ್ಟೇ ಬೆಣ್ಣೆ, ಪಲ್ಯವೂ ಅದೇ, ರುಚಿ ಮಾತ್ರ ಇಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಪದಕ ಗೆದ್ದವರ ಮುಖದ ವಿಡಿಯೋಗಳನ್ನು ಕೆಲವು ಮನಶ್ಶಾಸ್ತ್ರಜ್ಞರು ಜನರಿಗೆ ತೋರಿಸಿ, ಇವರು ಎಷ್ಟು ಖುಷಿಯಾಗಿದ್ದಾರೆ, ಅಂಕ ಹಾಕಿ ಅಂದರು. ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರಿಗೆ ಜಾಸ್ತಿ ಅಂಕ ಬಿತ್ತು. ಬೆಳ್ಳಿಯವನು ಮೇಲೆ ನೋಡಿ, ಅಯ್ಯೋ ಚಿನ್ನ ತಪ್ಪಿತಲ್ಲ ಅನ್ನುತ್ತಾನೆ. ಕಂಚಿನವನು ಕೆಳಗೆ ನೋಡಿ, ಸದ್ಯ ಬರಿಗೈಲಿ ಹೋಗಲಿಲ್ಲವಲ್ಲ ಅನ್ನುತ್ತಾನೆ. ನನಗೆ ಕೇಳಿದರೆ ಇಬ್ಬರೂ ಪಕ್ಕದವನ ತಟ್ಟೆಯನ್ನೇ ನೋಡುತ್ತಿದ್ದಾರೆ. ಕಂಚಿನವನಿಗೆ ಅದೃಷ್ಟ ಚೆನ್ನಾಗಿತ್ತು, ಅಷ್ಟೇ.

ಇನ್ನು ಎಫ್‌ಡಿ ಇಡೋರು. ದುಡ್ಡನ್ನು ಎಫ್‌ಡಿ ಇಡಿ, ನಾನೇ ನಿಮಗೆ ಫಾರಂ ತುಂಬಿಕೊಡುತ್ತೇನೆ. ಖುಷಿಯನ್ನು ಇಡಬೇಡಿ. ನಮ್ಮಕ್ಕನ ಮದುವೆಗೆ ಮೊಳಕಾಲ್ಮೂರಿನ ರೇಷ್ಮೆ ಸೀರೆ ತಂದಿದ್ದರು. ಗಿಳಿಹಸಿರು ಮೈ, ಕುಂಕುಮದ ಬಣ್ಣದ ಅಂಚು. ಧಾರೆ ದಿನ ಉಟ್ಟಿದ್ದೇ, ಆಮೇಲೆ ಬೀರು ಸೇರಿತು. ಒಳ್ಳೆ ಕಾರ್ಯಕ್ಕೆ ಉಡ್ತೀನಿ ಅನ್ನೋಳು. ಕಾರ್ಯಗಳು ಬಂದವು, ಹೋದವು. ಪ್ರತಿ ಸಲ ಇದಕ್ಕಿಂತ ಒಳ್ಳೆ ಕಾರ್ಯ ಮುಂದೆ ಇರುತ್ತಿತ್ತು. ಮೊಮ್ಮಗಳ ಮದುವೆಗೆ ತೆಗೆದು ಕೊಡವಿದಾಗ ಸೀರೆ ಮಡಿಕೆ ಇದ್ದಲ್ಲೆಲ್ಲ ಬಿರಿದಿತ್ತು. ಎಂಟು ಮಡಿಕೆ, ಎಂಟು ಗೆರೆ. ಹೊಸ ಸೀರೆಯೇ, ಬಳಸದೆ ಹರಿದದ್ದು. ಅಕ್ಕ ಅಳಲಿಲ್ಲ. ಅದನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಚಿಟ್ಟಳು. ಅದು ನನಗೆ ಇನ್ನೂ ಬೇಜಾರಾಯಿತು.

ಬ್ಯಾಂಕಿನಲ್ಲೂ ಇದನ್ನು ಬೇಕಾದಷ್ಟು ನೋಡಿದ್ದೇನೆ. ಠೇವಣಿ ಇಟ್ಟವರು ಒಬ್ಬರು, ಅವಧಿ ಮುಗಿದ ದಿನ ಕೌಂಟರಿಗೆ ಬಂದವರು ನಾಮಿನಿ. ಕೆಲವಕ್ಕೆ ಅವರೂ ಬರಲ್ಲ. ಹತ್ತು ವರ್ಷ ಯಾರೂ ಕೇಳದ ಹಣವನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಕಳಿಸಬೇಕು, 2014ರಿಂದ ಹಾಗೆ ನಿಯಮ ಇದೆ. ಹಾಗಂತ ಹಣ ಮುಳುಗಲ್ಲ. ವಾರಸುದಾರರು ದಾಖಲೆ ಕೊಟ್ಟರೆ ಆಮೇಲೂ ಸಿಗುತ್ತದೆ. ನಿಮ್ಮ ಅಪ್ಪ ಅಮ್ಮನ ಹಳೆ ಪಾಸ್‌ಬುಕ್ಕು ಮನೆಯಲ್ಲಿದ್ದರೆ ಒಮ್ಮೆ ಹೋಗಿ ಕೇಳಿ. ವಿಷಯ ಬಿಟ್ಟು ಹೋದೆ, ಆದರೂ ಇದು ಉಪಯೋಗದ ಮಾತು.

ಸರಿ, ಬಿಡೋದು ಹೇಗೆ? ಬಿಟ್ಟುಬಿಡಿ ಅಂತ ಹೇಳೋದು ಸುಲಭ. ಮದ್ದು ಕುಡಿಯುವಾಗ ಮಂಗನನ್ನು ನೆನೆಸಬೇಡ ಅಂದ ಪಂಡಿತರ ಕಥೆ ನಿಮಗೆ ಗೊತ್ತು. ಬಟ್ಟಲು ಬಾಯಿಗೆ ತಂದರೆ ಸಾಕು, ಮಂಗ ಹಾಜರ್. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಇದನ್ನೇ ವಿದ್ಯಾರ್ಥಿಗಳ ಮೇಲೆ ಮಾಡಿ ನೋಡಿದರು. ಅಲ್ಲಿ ಮಂಗನ ಬದಲು ಬಿಳಿ ಕರಡಿ. ಐದು ನಿಮಿಷ ಬಿಳಿ ಕರಡಿಯನ್ನು ನೆನೆಸಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇತ್ತಂತೆ. ಆಮೇಲೆ ಈಗ ಬೇಕಾದರೆ ನೆನೆಸಿಕೊಳ್ಳಿ ಅಂದಾಗ, ಮೊದಲಿನಿಂದಲೂ ನೆನೆಸಲು ಬಿಟ್ಟಿದ್ದವರಿಗಿಂತ ಇವರಿಗೇ ಕರಡಿ ಜಾಸ್ತಿ ಬಂತು. ಅಣ್ಣನನ್ನು ಮರೆಯಬೇಕು ಅಂತ ನಾನು ಹಟ ಹಿಡಿದಿದ್ದ ದಿನಗಳಲ್ಲಿ ಅವನು ನನ್ನ ತಲೆಯಲ್ಲೇ ಬಾಡಿಗೆ ಕೊಡದೆ ವಾಸವಿದ್ದ.

ನನಗೆ ಉಪಯೋಗಕ್ಕೆ ಬಂದದ್ದು ಬ್ಯಾಂಕಿನದೇ ಒಂದು ಪದ್ಧತಿ. ಸಾಲದ ಕಂತು 90 ದಿನ ದಾಟಿ ಬಾಕಿ ಬಿದ್ದರೆ ಅದನ್ನು ವಸೂಲಾಗದ ಸಾಲ ಅಂತ ಗುರುತಿಸುತ್ತಾರೆ. ಬೆಳೆ ಸಾಲಕ್ಕೆ ಲೆಕ್ಕ ಬೇರೆ, ಅಲ್ಲಿ ಹಂಗಾಮು ನೋಡುತ್ತಾರೆ. ಹಾಗೆ ಗುರುತಿಸಿದ ಮೇಲೆ ಆ ಸಾಲ ಪುಸ್ತಕದಲ್ಲಿ ಇರುವಷ್ಟು ದಿನ ಬ್ಯಾಂಕು ತನ್ನ ಲಾಭದಿಂದ ದುಡ್ಡು ತೆಗೆದು ಅದಕ್ಕೆ ಅಂತ ಪಕ್ಕಕ್ಕೆ ಇಡಬೇಕು. ಅಂದರೆ ಸಾಲಗಾರ ಕೊಡಲ್ಲ, ಮೇಲಿಂದ ನಾವೇ ಅವನ ಹೆಸರಿನಲ್ಲಿ ಕಟ್ಟುತ್ತಿರಬೇಕು. ಕೆಲವು ವರ್ಷ ನೋಡಿ ಕೊನೆಗೆ ರೈಟ್ ಆಫ್ ಮಾಡುತ್ತಾರೆ. ಪೇಪರಿನಲ್ಲಿ ಇದು ಬಂದಾಗೆಲ್ಲ ಸಾಲ ಮನ್ನಾ ಮಾಡಿಬಿಟ್ಟರು ಅಂತ ಜನ ಬೈಯುತ್ತಾರೆ. ಎರಡೂ ಒಂದೇ ಅಲ್ಲ. ಮನ್ನಾ ಅಂದರೆ ನೀನು ಕೊಡಬೇಕಿಲ್ಲ, ಹೋಗು ಅಂತ. ರೈಟ್ ಆಫ್ ಅಂದರೆ, ನೀನು ಕೊಡಬೇಕಾದದ್ದು ಹೌದು, ಆದರೆ ಇದನ್ನು ನನ್ನ ಆಸ್ತಿ ಅಂತ ಪ್ರತಿ ವರ್ಷ ತೋರಿಸಿಕೊಂಡು ನಾನು ಕೂರುವುದಿಲ್ಲ ಅಂತ.

ಕ್ಷಮಿಸಿ, ಕ್ಷಮಿಸಿ ಅಂತ ದೊಡ್ಡವರು ಹೇಳುತ್ತಾರೆ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ, ಮನ್ನಾ ಮಾಡೋಕೆ ಆಗಲ್ಲ. ಆದರೆ ರೈಟ್ ಆಫ್ ಮಾಡಬಲ್ಲೆ. ಅಣ್ಣ ಬರಲಿಲ್ಲ, ಅದು ನಿಜ. ಬರಬೇಕಿತ್ತು, ಅದೂ ನಿಜ. ಅದಕ್ಕೆ ದಿನಾ ರಾತ್ರಿ ನನ್ನ ನಿದ್ದೆಯಿಂದ ತೆಗೆದು ಕಟ್ಟುವುದನ್ನು ಮಾತ್ರ ನಿಲ್ಲಿಸಬಹುದು.

ಆದರೂ ಕೈ ಸುಮ್ಮನಿರಲ್ಲ. ಲೆಕ್ಕ ಇಟ್ಟು ಇಟ್ಟು ಪಳಗಿದ ತಲೆ ಅದು, ಅದಕ್ಕೆ ಏನಾದರೂ ಎಣಿಸೋಕೆ ಕೊಡಲೇಬೇಕು. ಬೆಳಿಗ್ಗೆ ನಾನು, ನನ್ನ ಗೆಳೆಯ ಒಬ್ಬರು ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋಗುತ್ತೇವೆ. ಮೊದಲೆಲ್ಲ ಗಾಜಿನ ಮನೆ ಕಡೆಯಿಂದ ಶುರು ಮಾಡಿದರೆ ಏರಿ ಮುಗಿಯುವವರೆಗೆ ಇಬ್ಬರದ್ದೂ ಬಾಕಿ ಪಟ್ಟಿ. ಅವರ ಸೊಸೆ, ನನ್ನ ಅಣ್ಣ. ಕೆರೆ ಇದೆ ಅನ್ನೋದೇ ನಮಗೆ ಕಾಣುತ್ತಿರಲಿಲ್ಲ. ಈಗ ಹಕ್ಕಿ ಎಣಿಸುತ್ತೇವೆ. ನೀರುಕಾಗೆ ಕಲ್ಲಿನ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಾ ನಿಂತಿರುತ್ತದೆ ನೋಡಿ, ಒಗೆದ ಅಂಗಿ ತಂತಿಗೆ ಹಾಕಿದ ಹಾಗೆ. ಬೆಳ್ಳಕ್ಕಿ ಎಷ್ಟು, ಮಿಂಚುಳ್ಳಿ ಬಂತಾ ಇಲ್ಲವಾ. ನಾನು ಹನ್ನೊಂದು ಅಂದರೆ ಅವರು ಹದಿನಾಲ್ಕು ಅನ್ನುತ್ತಾರೆ. ಜಗಳ ಆಗುತ್ತದೆ. ಆದರೆ ಆ ಜಗಳವನ್ನು ಯಾರೂ ಮನೆಗೆ ಒಯ್ಯುವುದಿಲ್ಲ.

ರಾತ್ರಿ ಹಳೆ ಡೈರಿಯಲ್ಲಿ ಒಂದು ಸಾಲು ಬರೆಯುತ್ತೇನೆ. ಅಮ್ಮನ ತರಹ, ಬಂದದ್ದು ಮಾತ್ರ. 'ಕರೆಂಟ್ ಬಿಲ್ ಕ್ಯೂನಲ್ಲಿ ಹುಡುಗ ಜಾಗ ಬಿಟ್ಟ.' 'ಪಕ್ಕದ ಮನೆಯಿಂದ ಹುರಳಿಕಾಳು ಬಸ್ಸಾರು.' ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅನ್ನುತ್ತಾರಲ್ಲ, ಅದನ್ನು ನಂಬಿ ಕೂರಬೇಡಿ. ಲಂಡನ್ನಿನ ಸಂಶೋಧಕಿ ಫಿಲಿಪ್ಪಾ ಲ್ಯಾಲಿ ಮತ್ತು ಅವರ ಜೊತೆಯವರು 96 ಜನರಿಗೆ ಒಂದೊಂದು ಹೊಸ ಅಭ್ಯಾಸ ಹಿಡಿಸಿ ನೋಡಿದರು. ಅದು ತಾನಾಗಿ ಬರೋಕೆ ನಡುವಿನ ಲೆಕ್ಕ 66 ದಿನ. ಕೆಲವರಿಗೆ 18ಕ್ಕೇ ಕೂತಿತು, ಕೆಲವರ ಲೆಕ್ಕ 254ರವರೆಗೂ ಹೋಯಿತು. ಮಧ್ಯೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ. ನನಗೆ ನಾಲ್ಕು ತಿಂಗಳು ಹಿಡಿಯಿತು. ಮಧ್ಯೆ ಎರಡು ವಾರ ಡೈರಿ ಮುಟ್ಟಿರಲಿಲ್ಲ.

ಒಂದು ಮಾತು ಬಿಡಿಸಿ ಹೇಳಬೇಕು. ಬೆಳಿಗ್ಗೆ ಏಳೋಕೇ ಮನಸ್ಸಿಲ್ಲ, ಊಟ ಸೇರಲ್ಲ, ವಾರಗಟ್ಟಲೆ ಹೀಗೇ ಇದೆ ಅಂದರೆ ಅದು ಅಭ್ಯಾಸ ಅಲ್ಲ, ಕಾಯಿಲೆ ಇರಬಹುದು. ಡೈರಿ ಬರೆದರೆ ಹೋಗಲ್ಲ. ಡಾಕ್ಟರ ಹತ್ತಿರ ಹೋಗಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿರುವ ತಾಯಿಯೊಬ್ಬರು ಶುರುವಿಗೆ ಮೊದಲು ಒಂದು ಪ್ರಶ್ನೆ ಕೇಳಿದ್ದರು. ಅವರ ಒಪ್ಪಿಗೆ ತಗೊಂಡೇ ಹೇಳುತ್ತಿದ್ದೇನೆ. "ತವರಿನ ಹೊಲದಲ್ಲಿ ನನ್ನ ಪಾಲು ಅಣ್ಣಂದಿರು ಕೊಟ್ಟಿಲ್ಲ. ಅದನ್ನೂ ಬಿಟ್ಟುಬಿಡಲಾ?" ಅಂತ. ಬಿಡಬೇಡಿ ತಾಯಿ. ಹಿರಿಯರ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನು ತಿದ್ದಿದ್ದಾರೆ. ಅದು ಪಹಣಿಯಲ್ಲಿ ಇರಬೇಕಾದ ಲೆಕ್ಕ. ಪಹಣಿ ತೆಗೆಸಿ, ವಕೀಲರನ್ನು ನೋಡಿ, ಕಾಗದದ ಮೇಲೆ ಇಳಿಸಿ. ಕಾಗದಕ್ಕೆ ಇಳಿದರೆ ಅದು ತಲೆಯಲ್ಲಿ ಕೂರಬೇಕಾಗಿಲ್ಲ. ಹೊಡೆಯುವ ಗಂಡ, ಕೂಲಿ ಕೊಡದ ಧಣಿ, ಇವೂ ಹಾಗೇ. ನಾನು ಹೇಳುತ್ತಿರುವುದು ಯಾವ ಕೋರ್ಟಿಗೂ ಹೋಗದ, ಯಾವ ಕಾಗದಕ್ಕೂ ಇಳಿಯದ ಬಾಕಿಗಳ ಮಾತು. ಯಾರು ನೋಡಿ ನಗಲಿಲ್ಲ, ಯಾರು ಹೋಳಿಗೆಗೆ ತುಪ್ಪ ಕಮ್ಮಿ ಹಾಕಿದರು, ಅಂಥವು.

ಅಣ್ಣನ ಕಥೆ ಏನಾಯಿತು ಅಂತ ನೀವು ಕೇಳುತ್ತೀರಿ. ಹೋದ ಯುಗಾದಿಗೆ ಹರಿಹರಕ್ಕೆ ಹೋಗಿದ್ದೆ. ಅಕ್ಕಿ ಒಂದು ಚೀಲ ಆಟೋದಲ್ಲಿ ಹಾಕಿಕೊಂಡು ಹೋದೆ. "ಇದೇನೋ ಇದು, ನಮ್ಮ ಮನೇಲಿ ಅಕ್ಕಿ ಇಲ್ಲ ಅಂದ್ಕೊಂಡ್ಯಾ?" ಅಂತ ಬೈದ. ಮುಯ್ಯಿ ಪುಸ್ತಕ ತೋರಿಸಿದೆ. ಅವನು ಅವರಪ್ಪನ ಹೆಸರಿನ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತ. ಗೃಹಪ್ರವೇಶದ ಮಾತು ಇಬ್ಬರೂ ಎತ್ತಲಿಲ್ಲ. ವಾಪಸ್ ಬರುವಾಗ ಅತ್ತಿಗೆ ಒಂದು ಡಬ್ಬಿ ಉಂಡೆ ಕೊಟ್ಟರು. ಡಬ್ಬಿ ಇನ್ನೂ ನಮ್ಮ ಮನೆಯಲ್ಲೇ ಇದೆ, ಅದನ್ನು ಬರೆದಿಟ್ಟಿದ್ದೇನೆ.

ಹಿಂದುಗಡೆ ಮಂಡಕ್ಕಿ ಮಿರ್ಚಿ ಬಂದಿದೆ ಅಂತ ಕೈ ಸನ್ನೆ ಮಾಡುತ್ತಿದ್ದಾರೆ. ಮಿರ್ಚಿ ಆರಿದರೆ ಚೆನ್ನಾಗಿರಲ್ಲ. ಆದರೆ ಮೈಕ್ ಕೊಡುವ ಮೊದಲು ನಿಜ ಹೇಳಿಬಿಡುತ್ತೇನೆ. ಎರಡನೇ ಸಾಲಿನ ಮೂಲೆಯಲ್ಲಿ ಒಂದು ಕುರ್ಚಿ ಖಾಲಿ ಇದೆಯಲ್ಲ, ಅಲ್ಲಿ ಕೂರಬೇಕಾದವರು ಖಂಡಿತ ಬರ್ತೀನಿ ಅಂದಿದ್ದರು. ಇಷ್ಟು ಹೊತ್ತಿನಲ್ಲಿ ನಾನು ಆ ಕುರ್ಚಿಯನ್ನು ಏಳು ಸಲ ನೋಡಿದ್ದೇನೆ.